ಅಂಗೈಯ ನೀಲಿ

ಕೌಲ್ ಬಜಾರಿನ ಓಣಿಯಲ್ಲಿ ನೀರಿನ ಟ್ಯಾಂಕರಿಗೂ ಮೊದಲು ಎದ್ದು
ನಿನ್ನೆ ಹೊಲಿದ ಅರವತ್ತು ಪ್ಯಾಂಟಿನ ಗಂಟಿಗೆ ಫೋನು ಆನಿಸಿ
ಚಾಪೆಯ ಮೇಲೆ ನಿಲ್ಲುತ್ತೇನೆ.
ಗಂಟು ಜಾರುತ್ತದೆ. ಮೇಡಂಗೆ ಕಾಣುವುದು ಬರೀ ನನ್ನ ಮೊಣಕಾಲು,
ಇಲ್ಲವೇ ರುಂಡವಿಲ್ಲದ ನಾನು
ಮತ್ತು ಗೋಡೆಯ ಮೇಲಿನ ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರು.

"ಎಡ ಸೊಂಟ ಸ್ವಲ್ಪ ಕೆಳಗೆ"
ಅನ್ನುತ್ತಾರೆ ಮೈಸೂರಿನಿಂದ ವೈಜಯಂತಿ ಮೇಡಂ.
ಯಾರಿಗೆ ಅಂದರೋ.
ನಲವತ್ಮೂರು ಚೌಕಗಳಲ್ಲಿ ನಲವತ್ಮೂರು ಎಡ ಸೊಂಟ
ಒಮ್ಮೆಗೇ ಇಳಿಯುತ್ತವೆ.
ಸರಿ ಇದ್ದದ್ದೂ ಇಳಿಯುತ್ತದೆ.

ಇನ್ನೂರು ಗಂಟೆಯ ಕೋರ್ಸು. ಹದಿನೆಂಟು ಸಾವಿರ, ಮೂರು ಕಂತು.
ಬೆಲ್ಟು ಕೂಡಿಸಿದರೆ ಪೀಸಿಗೆ ಎರಡೂವರೆ.
ಏಳು ಸಾವಿರದ ಇನ್ನೂರು ಸೊಂಟ ಸುತ್ತಿ ಬಂದ ದುಡ್ಡು ಅದು.
"ಆ ಕಾಗದಕ್ಕ ಸೀಲು ಇರ್ತೈತೇನು? ಸಾಲ್ಯಾಗ ತಗೊಂತಾರೇನು?"
ಗುಂಡಿ ಹಚ್ಚುತ್ತ ನಾಗವೇಣಿಯ ಪ್ರಶ್ನೆ.
"ಫೋನಿನಾಗ ಈಜು ಕಲ್ತಾಕಿ ಎಲ್ಲಿ ಮುಳುಗ್ತಾಳ?" ಅಂತ ನಕ್ಕ ಗಂಡ
ಸಂಜೆ ಡೇಟಾ ಹಾಕಿಸಿಕೊಂಡೇ ಬಂದ.

ನನ್ನನ್ನು ಕೊರೆಯುವುದು ಸೀಲಲ್ಲ.
ಈ ಬೆನ್ನಿನ ಮೇಲೆ ಈವರೆಗೆ
ಯಾವ ಗುರುವಿನ ಕೈಯೂ ಬಿದ್ದಿಲ್ಲ.
ಕೈ ಬೀಳದ ಬೆನ್ನು ಇನ್ನೊಂದು ಬೆನ್ನಿಗೆ ಏನು ಹೇಳೀತು?
ಯಾರದೋ ಕುತ್ತಿಗೆ ಉಳುಕಿತೆಂದರೆ
ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲಲಿ?
ರಾತ್ರಿ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತೇನೆ
ಅನ್ನ ಬಸಿಯುತ್ತ, ತ್ರಿಕಾಸ್ಥಿ, ಅಂಸಫಲಕ.
ಬಾಯಿಗೆ ಬರುತ್ತವೆ. ಬೆರಳಿಗೆ ಬರುವುದಿಲ್ಲ.

ಕಟಿಂಗ್ ಮಾಸ್ಟರ್ ಮೌಲಾಸಾಬರು ಸೀಮೆಸುಣ್ಣ ಕಿವಿಗೇರಿಸಿ ಅಂದರು:
"ಬಟ್ಟಿ ಟೇಬಲ್ ಮ್ಯಾಲೆ ಸುಮ್ನ ಮಲಗ್ತೈತಿ ಬೇಟಿ, ಮೈ ಮಲಗಂಗಿಲ್ಲ.
ನಲವತ್ತು ವರ್ಷ ಕತ್ತರಿ ಹಿಡಿದೀನಿ,
ಎರಡು ತೊಡಿ ಒಂದೇ ಅಳತಿ ಇದ್ದಾತ
ಇನ್ನೂ ಒಬ್ಬ ಸಿಕ್ಕಿಲ್ಲ."

ಕೊನೆಯ ಪರೀಕ್ಷೆ: ಯಾರಿಗಾದರೂ ಇಪ್ಪತ್ತು ನಿಮಿಷ ಕಲಿಸಿ
ವಿಡಿಯೋ ಕಳಿಸಬೇಕು.
ಮಂಡಕ್ಕಿ ಒಗ್ಗರಣೆ ತಿಂದಾದ ಮೇಲೆ
ಯೂನಿಟ್ಟಿನ ಮೂಲೆಗೆ ಮಷಿನ್ನು ಸರಿಸಿ ತಾಡಪಾಲು ಹಾಸಿದೆವು.
ಓವರ್‌ಲಾಕ್ ಶಾಹಿನ್ ಬೋರಲು ಮಲಗಿದಳು, ನಗು ತಡೆಯುತ್ತ.
ಆರನೇ ನಿಮಿಷಕ್ಕೆ ಕರೆಂಟು ಹೋಯಿತು.
ಕಿಟಕಿಯಿಲ್ಲದ ಗೋದಾಮು. ಹೊರಗೆ ನಲವತ್ತೆರಡು ಡಿಗ್ರಿ.
ಮೂವತ್ತು ಮಷಿನ್ನು ಒಟ್ಟಿಗೇ ಸುಮ್ಮನಾದಾಗ
ಶಾಹಿನಳ ಉಸಿರು ಮೊದಲ ಸಲ ಕೇಳಿಸಿತು,
ಮೇಲೆ ಮೇಲೆ, ಗಂಟಲಲ್ಲೇ ತಿರುಗಿ ಹೋಗುವ ಉಸಿರು.

ಕಾಣದ್ದಕ್ಕೆ ಕೈ ಇಟ್ಟೆ.
ಕತ್ತಲಲ್ಲೂ ತಪ್ಪಿದ ಹೊಲಿಗೆ ಹುಡುಕುವ ಬೆರಳು ಇವು.
ಬಲ ಹೆಗಲ ಹಲಗೆಯ ಅಂಚಿಗೆ ಒಂದು ಗಂಟು
ಹುಣಸೆ ಬೀಜದಷ್ಟು.
ನನಗೂ ಅಲ್ಲೇ ಇದೆ. ಬಟ್ಟೆ ತಳ್ಳುವ ಕಡೆ.
"ಇಲ್ಲೀತನ ಉಸಿರು ಕಳ್ಸು" ಅಂದೆ.
ಕಳಿಸಿದಳು. ಬರಲಿಲ್ಲ. ಮತ್ತೆ ಕಳಿಸಿದಳು.
ಏಳನೆಯದೋ ಎಂಟನೆಯದೋ ಬಂದು
ನನ್ನ ಅಂಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿತು.

ವಿಡಿಯೋದಲ್ಲಿ ಇದೇನೂ ಇಲ್ಲ.
ಐದೂಮುಕ್ಕಾಲು ನಿಮಿಷ ಬೆಳಕು, ಆಮೇಲೆ ಕತ್ತಲು, ನನ್ನ ದನಿ,
ಯಾರೋ ಕೆಮ್ಮಿದ್ದು, ನಡುವೆ ಫೋನು ಗಂಟಿನಿಂದ ಬಿದ್ದ ಸದ್ದು.
ಕಳಿಸಿದ್ದೇನೆ. ಅರವತ್ತೆರಡಕ್ಕೆ ನಿಂತು ಸುತ್ತುತ್ತಿದೆ.
ಕತ್ತಲೆಗೆ ಎಷ್ಟು ಅಂಕ ಕೊಡುತ್ತಾರೋ ಮೇಡಂ.

ಕರೆಂಟು ಬಂದಾಗ ನೋಡಿದರೆ
ಶಾಹಿನಳ ಕೆನೆಬಣ್ಣದ ಚೂಡಿದಾರದ ಬೆನ್ನಿಗೆ
ಐದು ಬೆರಳಿನ ನೀಲಿ.
ವಕ್ರಾಸನದಲ್ಲಿ ಎಂದೂ ತಿರುಗದಷ್ಟು ತಿರುಗಿ ನೋಡಿಕೊಂಡು
ಕೇಳಿದಳು:
"ಇದನ್ನ ಯಾರು ತೊಳೀಬೇಕಕ್ಕಾ?"